ಸರ್ಪದಾರಿಯಲ್ಲಿ ಮುಳ್ಳಯ್ಯನಗಿರಿ ಹತ್ತುವವರಿಗೆ

ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ನೋಡೋದಷ್ಟೇ ಆಸೆಯಾದರೆ ತುದಿಗೆ ಹತ್ತುವ ಮೆಟ್ಟಿಲಿನ ಹತ್ತಿರದವರೆಗೂ ಗಾಡಿಯಲ್ಲೇ ಹೋಗಬಹುದು. ಬುಡದಿಂದ ನಡೆದೇ ಹತ್ತಬೇಕು ಅನ್ನುವವರಿಗೆ ಸರ್ಪದಾರಿ ಇದೆ. ಒಂದು ಕಡೆಗೆ ಸುಮಾರು 4 ಕಿಲೋಮೀಟರ್. ಕೇಳಿದ ತಕ್ಷಣ ‘ಇಷ್ಟೇನಾ’ ಅನ್ನಿಸುತ್ತದೆ, ಅಲ್ವಾ? ಈ ದಾರಿಯಲ್ಲಿ ಕಿಲೋಮೀಟರ್ ನೋಡಿ ಪ್ಲಾನ್ ಮಾಡಬೇಡಿ. ಕಲ್ಲು, ಗಾಳಿ, ಬಿಸಿಲು, ಇವನ್ನು ನೋಡಿ ಮಾಡಿ. ರಾಜ್ಯದ ಅತಿ ಎತ್ತರದ ಶಿಖರ ಇದು, 1,900 ಮೀಟರಿಗೂ ಮೇಲೆ.

ನಾವು ಹಾಸನದಿಂದ ನವೆಂಬರ್ ಕೊನೆಯಲ್ಲಿ ಹೋಗಿದ್ದೆವು. ಅಕ್ಕ, ಭಾವ, ಹೈಸ್ಕೂಲು ಓದುವ ಅವರ ಮಗಳು ಜೊತೆಗಿದ್ದರು. ಮಳೆ ನಿಂತಿರುತ್ತದೆ, ಹುಲ್ಲು ಇನ್ನೂ ಹಸಿರಾಗಿರುತ್ತದೆ, ಹಾಗಾಗಿ ನನ್ನ ಪ್ರಕಾರ ಇದೇ ಒಳ್ಳೆಯ ಸಮಯ. ಮಳೆಗಾಲದಲ್ಲಿ ಬಂಡೆ ಮೇಲೆಲ್ಲ ಪಾಚಿ, ಕಾಲಿಗೆ ಇಂಬಳ (ಜಿಗಣೆ), ಜೊತೆಗೆ ಮುಂದೆ ಹೋಗುವವರ ಬೆನ್ನೂ ಕಾಣದಷ್ಟು ಮಂಜು. ಫೆಬ್ರವರಿ ನಂತರ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಶುರುವಾಗುತ್ತದೆ, ಆಗ ಬೆಂಕಿಪೊಟ್ಟಣ, ಸಿಗರೇಟು ದಯವಿಟ್ಟು ತರಲೇಬೇಡಿ. ಡಿಸೆಂಬರ್‌ನಲ್ಲಿ ಪಕ್ಕದ ಬಾಬಾಬುಡನ್‌ಗಿರಿಯಲ್ಲಿ ದತ್ತ ಜಯಂತಿ ನಡೆಯುತ್ತದೆ. ಆ ದಿನಗಳಲ್ಲಿ ಗಿರಿ ಕಡೆಗೆ ಪ್ರವಾಸಿಗರನ್ನು ಬಿಡುವುದಿಲ್ಲ. ರಜೆ ಹಾಕುವ ಮೊದಲು ಕ್ಯಾಲೆಂಡರ್ ನೋಡಿಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. 2025ರ ಸೆಪ್ಟೆಂಬರ್‌ನಿಂದ ಗಿರಿಗೆ ಹೋಗುವ ಗಾಡಿಗಳನ್ನು ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಬೇಕು ಅಂತ ಜಿಲ್ಲಾಡಳಿತ ನಿಯಮ ತಂದಿದೆ. ಬೆಳಗ್ಗೆ 600, ಮಧ್ಯಾಹ್ನ 600 ಗಾಡಿ ಅಂತ ಮಿತಿ ಇಟ್ಟಿದ್ದರು. ಶನಿವಾರ, ಭಾನುವಾರ ಬೆಳಗಿನ ಸ್ಲಾಟಿಗೆ ತುಂಬಾ ಜನ. ನಡೆದು ಹತ್ತುವವರಿಗೆ ಬೆಳಗಿನದೇ ಬೇಕು, ಮಧ್ಯಾಹ್ನದ್ದು ಸಿಕ್ಕರೆ ದಿನವನ್ನೇ ಬದಲಾಯಿಸಿ. ಸ್ವಂತ ಗಾಡಿ ಇಲ್ಲದಿದ್ದರೆ ಚಿಕ್ಕಮಗಳೂರು ಸ್ಟ್ಯಾಂಡಿನಲ್ಲಿ ಬಾಬಾಬುಡನ್‌ಗಿರಿ ಬಸ್ ಹತ್ತಿ, ಸರ್ಪದಾರಿ ಹತ್ತಿರ ಇಳಿಸಿ ಅಂತ ಕಂಡಕ್ಟರ್‌ಗೆ ಮೊದಲೇ ಹೇಳಿಡಿ.

ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ 60 ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಐದಕ್ಕೆ ಹೊರಟರೆ ಪೇಟೆಯಲ್ಲಿ ತಿಂಡಿ ತಿಂದು ಎಂಟರ ಹೊತ್ತಿಗೆ ನಡೆಯೋಕೆ ಶುರು ಮಾಡಬಹುದು. ತಿಂಡಿ ಹಗುರವಾಗಿರಲಿ. ದಾರಿಯಲ್ಲಿ ನೀರು ಸಿಗುತ್ತದೆ ಅಂತ ನಂಬಬೇಡಿ, ಒಬ್ಬೊಬ್ಬರಿಗೆ 2 ಲೀಟರ್ ಹೊತ್ತುಕೊಳ್ಳಿ. ಬುತ್ತಿಗೆ ಅಕ್ಕ ಮೊಸರನ್ನ, ಉಪ್ಪಿನಕಾಯಿ ಕಟ್ಟಿದ್ದಳು. ಬೆವರು ಸುರಿದ ಮೇಲೆ ಆ ಉಪ್ಪು, ಹುಳಿ ಎಷ್ಟು ಹಿತವಾಗಿತ್ತು ಅಂದರೆ ಮುಂದೆ ಬೇರೆ ಏನೂ ಒಯ್ಯಬೇಕು ಅನ್ನಿಸುವುದಿಲ್ಲ.

ಶುರುವಿನಲ್ಲಿ ಸ್ವಲ್ಪ ದೂರ ಮರಗಳ ನೆರಳಿದೆ. ಆಮೇಲೆ ಬರೀ ಹುಲ್ಲಿನ ಗುಡ್ಡ, ಬೋಳು ಏಣು (ಗುಡ್ಡದ ನೆತ್ತಿಯ ಸಾಲು). ಟೋಪಿ ಬೇಕೇ ಬೇಕು, ಆದರೆ ಕಟ್ಟಿಕೊಳ್ಳುವಂಥದ್ದು, ಇಲ್ಲದಿದ್ದರೆ ಗಾಳಿ ಎತ್ತಿಕೊಂಡು ಹೋಗುತ್ತದೆ. ದಾರಿ ಹಾವಿನ ಹಾಗೆ ಸುತ್ತಿ ಸುತ್ತಿ ಏರುತ್ತದೆ. ಕೆಲವರು ಸುತ್ತು ಉಳಿಸೋಕೆ ನೇರ ಹತ್ತುತ್ತಾರೆ, ಅದರಿಂದ ಮಣ್ಣು ಕುಸಿದು ದಾರಿಯೇ ಹಾಳಾಗುತ್ತದೆ, ಮೊಣಕಾಲಿಗೂ ಒಳ್ಳೆಯದಲ್ಲ.

ಕಷ್ಟ ಕೊಡುವುದು ದೊಡ್ಡ ಬಂಡೆಗಳಲ್ಲ. ಅವು ಅಲ್ಲಾಡುವುದಿಲ್ಲ, ಕೈ ಊರಬಹುದು. ಚಪ್ಪಟೆ ಬಂಡೆ ಮೇಲೆ ರಾಗಿ ಕಾಳಿನ ಹಾಗೆ ಹರಡಿರುವ ಪುಡಿಗಲ್ಲು ಇದೆಯಲ್ಲ, ಜಾರಿಸುವುದು ಅದು. ಅಲ್ಲಿ ಹಿಮ್ಮಡಿ ಮೊದಲು ಊರಬೇಡಿ. ಪೂರ್ತಿ ಪಾದ ಇಡಿ, ಭಾರ ಹಾಕುವ ಮೊದಲು ಒಂದು ಸಲ ಒತ್ತಿ ನೋಡಿ. ಭಾವ ಉದ್ದಕ್ಕೂ ಹೀಗೇ ನಡೆದರು. ನಿಧಾನ ಅನ್ನಿಸಿದರೂ ನಮ್ಮಲ್ಲಿ ಕಡಿಮೆ ದಣಿದವರು ಅವರೇ. ಹುಲ್ಲು ಎತ್ತರ ಬೆಳೆದ ಕಡೆ ಕಲ್ಲು ಕಾಣುವುದೇ ಇಲ್ಲ, ಕೋಲಿನಿಂದ ತಡವಿ ಮುಂದೆ ಹೋಗಿ. ತಳ ಸವೆದ ಶೂ ಬೇಡವೇ ಬೇಡ.

ನಿಂತು ನಿಂತು ಹೋದರೆ ಹತ್ತೋಕೆ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಮೇಲೆ, ಇಲ್ಲಿ ತಪಸ್ಸು ಮಾಡಿದರು ಅಂತ ಹೇಳುವ ಮುಳ್ಳಪ್ಪ ಸ್ವಾಮಿಯ ಗದ್ದುಗೆ ಇದೆ, ಚಪ್ಪಲಿ ಬಿಟ್ಟು ಹೋಗಿ, ಗಲಾಟೆ ಮಾಡಬೇಡಿ.

ಇಳಿಯುವ ವಿಚಾರ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬನ್ನಿ. ಹತ್ತಿದ್ದಕ್ಕಿಂತ ಇಳಿಯುವಾಗಲೇ ಮೊಣಕಾಲು ಜಾಸ್ತಿ ನೋಯುತ್ತದೆ. ಮಂಡಿ ನೋವು ಇರುವವರು, ಚಿಕ್ಕ ಮಕ್ಕಳು ಇದ್ದರೆ ಆಚೆ ಬದಿಯ ಮೆಟ್ಟಿಲಲ್ಲಿ ಇಳಿದು ಗಾಡಿ ಹತ್ತಲಿ. ಅದಕ್ಕೆ ಗಾಡಿ ಓಡಿಸುವವರೊಬ್ಬರು ಕೆಳಗೇ ಉಳಿಯಬೇಕು, ಎಷ್ಟೊತ್ತಿಗೆ ಎಲ್ಲಿ ಸಿಗುವುದು ಅಂತ ಬೆಳಗ್ಗೆಯೇ ಮಾತಾಡಿಕೊಳ್ಳಿ, ಯಾಕೆಂದರೆ ಗುಡ್ಡದ ಮೇಲೆ ಫೋನನ್ನು ನಂಬೋಕಾಗಲ್ಲ. ಬಂದ ದಾರಿಯಲ್ಲೇ ವಾಪಸ್ ಹೋಗುವುದಾದರೆ ಮಧ್ಯಾಹ್ನ ಒಂದಕ್ಕೆ ಇಳಿಯೋಕೆ ಶುರು ಮಾಡಿ. ಮೋಡ ದಟ್ಟವಾಗಿ ಕವಿದರೆ ಏಣಿನ ದಾರಿ ಬೇಡ, ಎಲ್ಲರೂ ಮೆಟ್ಟಿಲ ಕಡೆಯಿಂದಲೇ ಇಳಿದು ರಸ್ತೆ ಹಿಡಿಯಿರಿ.