ಗಂಟೆ ತಪ್ಪಿ ಹೊಡೆದ ಗಂಟೆ

ಆರನೇ ದಿನ ಬೆಳಗಿನ ಜಾವ ಹೆಂಗಸರ ಕಡೆ ಗಂಟೆ ಬಾರಿಸಿದವಳು ನಾನೇ. ನಾಲ್ಕಕ್ಕೆ ಬಾರಿಸಬೇಕಿತ್ತು. ಬಾರಿಸಿದ್ದು ಮೂರಕ್ಕೆ.

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು ಹೋಗಿ ಒಳಗೆ ತಿರುಗಿದರೆ ದಾಸನಪುರ ಹೋಬಳಿಯ ಆಲೂರು ಸಿಗುತ್ತದೆ. ಅಲ್ಲಿ ಧಮ್ಮ ಪಫುಲ್ಲ ಅನ್ನುವ ವಿಪಶ್ಯನ ಧ್ಯಾನ ಕೇಂದ್ರವಿದೆ. ಮೂರು ವರ್ಷದ ಹಿಂದೆ ಅಲ್ಲಿ ಹತ್ತು ದಿನ ಬಾಯಿ ಮುಚ್ಚಿಕೊಂಡು ಕೂತು ಬಂದಿದ್ದೆ. ಈ ಸಲ ಹೋಗಿದ್ದು ಕೂರೋಕಲ್ಲ, ಸೇವೆಗೆ. ಅಂದರೆ ಕೂತವರಿಗೆ ಅಡುಗೆ ಮಾಡೋದು, ಬಡಿಸೋದು, ಹಾಲ್ ಗುಡಿಸೋದು, ಗಂಟೆ ಹೊಡೆಯೋದು. ನಮ್ಮೆಜಮಾನ್ರಿಗೆ ಹೇಳಿದಾಗ ಪೇಪರಿನಿಂದ ತಲೆ ಎತ್ತದೇ, "ಮನೇಲಿ ಮಾಡಿ ಹಾಕಿದ್ದು ಸಾಲ್ದು ಅಂತ ಅಲ್ಲಿಗೂ ಹೋಗ್ತೀಯಾ?" ಅಂದರು. ಉತ್ತರ ಹೊಳೆಯಲಿಲ್ಲ. ಸುಮ್ನೆ ಬ್ಯಾಗ್ ತುಂಬಿಕೊಂಡೆ.

ಅಲ್ಲಿ ಫೀಸು ಇಲ್ಲ. ಒಂದು ಸಲವಾದರೂ ಹತ್ತು ದಿನದ ಶಿಬಿರ ಮುಗಿಸಿದವರು ಮಾತ್ರ ದುಡ್ಡು ಕೊಡಬಹುದು, ಅದೂ ಮನಸ್ಸಿದ್ದರೆ. ಸೇವೆಗೂ ಅದೇ ನಿಯಮ. ಕೂತು ಎದ್ದವರಿಗೆ ಮಾತ್ರ ಸೌಟು ಹಿಡಿಯೋ ಅವಕಾಶ. ಕಲಿಸುವವರಿಗೂ ಸಂಬಳ ಇಲ್ಲ. ಇಷ್ಟೆಲ್ಲ ಹೇಗೆ ನಡೆಯುತ್ತೆ ಅಂತ ಮೊದಲ ಸಲ ನನಗೆ ಯೋಚನೆಯೇ ಬಂದಿರಲಿಲ್ಲ. ಹೊತ್ತಿಗೆ ಸರಿಯಾಗಿ ಉಪ್ಪಿಟ್ಟು ಬರ್ತಿತ್ತು, ತಿಂತಿದ್ದೆ. ಮದುವೆ ಮನೆಗೆ ಬಂದ ಗಂಡಿನ ಕಡೆಯವರ ಹಾಗೆ.

ಈ ಸಲ ಹೆಣ್ಣಿನ ಕಡೆಯವಳು.

ಹೆಂಗಸರ ವಿಭಾಗ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ವರ್ಷದ ಬಹುಪಾಲು ಅಲ್ಲೇ ಇರ್ತಾರೆ. ಅವರ ಕೋಣೆಯಲ್ಲಿ ಒಂದು ಮಂಚ, ಒಂದು ಟ್ರಂಕು, ಸೊಳ್ಳೆಪರದೆ, ಕಿಟಕಿಗೆ ಕಟ್ಟಿದ ದಾರದಲ್ಲಿ ಎರಡು ಸೀರೆ. ಅಷ್ಟೇ. ನಡೆದರೆ ಚಪ್ಪಲಿ ಸದ್ದೂ ಕೇಳಿಸದು. ಯಾರಿಗೆ ಮಂಡಿ ನೋವು, ಯಾರಿಗೆ ಬಿಸಿನೀರು ಬೇಕು, ಯಾರು ಎರಡನೇ ದಿನವೇ ಬ್ಯಾಗ್ ಕಟ್ಟಿ ಮಂಚದ ಮೇಲೆ ಕೂತಿದ್ದಾರೆ ಅನ್ನೋದು ಅವರಿಗೆ ಹೇಗೋ ಗೊತ್ತಾಗಿಬಿಡೋದು. ಬ್ಯಾಗ್ ಕಟ್ಟಿದವರ ಪಕ್ಕ ಹೋಗಿ ಕೂತು, "ಇವತ್ತೊಂದು ರಾತ್ರಿ ಇರಿ, ನಾಳೆ ನೋಡೋಣ" ಅನ್ನೋರು. ಮಾರನೇ ದಿನವೂ ಅದೇ ಮಾತು. ಹೀಗೆ ನಾಳೆ ನಾಳೆ ಅಂತ ಒಬ್ಬ ಹುಡುಗಿಯನ್ನು ಹತ್ತನೇ ದಿನದವರೆಗೂ ತಂದರು.

ಅಡುಗೆಯಮ್ಮ ಪಕ್ಕದ ಹಳ್ಳಿಯವರು, ಸಂಬಳಕ್ಕೆ ಬರೋರು. ಕೆಲಸಕ್ಕೆ ಸೇರಿ ಎಷ್ಟೋ ವರ್ಷ ಆಗಿದೆ, ಒಂದು ಸಲವೂ ಕಣ್ಣು ಮುಚ್ಚಿ ಕೂತಿಲ್ಲ. ಯಾಕೆ ಅಂತ ಕೇಳಿದೆ. "ನಾನೂ ಕಣ್ಮುಚ್ಕಂಡು ಕೂತ್ರೆ ನಿಮ್ಗೆಲ್ಲ ಅನ್ನ ಬೇಯ್ಸೋರು ಯಾರಕ್ಕಾ?" ಅಂದರು. ಸೋರೆಕಾಯಿ ಹೆಚ್ಚುತ್ತಿದ್ದ ನನ್ನ ಕೈ ನಿಂತಿತು. ಅವರ ಕೈ ನಿಲ್ಲಲಿಲ್ಲ.

ನಮ್ಮ ದಿನ ಶುರುವಾಗೋದು ನಾಲ್ಕಕ್ಕೆ ಮೊದಲೇ. ಆರೂವರೆಗೆ ತಿಂಡಿ, ಹನ್ನೊಂದಕ್ಕೆ ಊಟ. ಸಂಜೆ ಐದಕ್ಕೆ ಹೊಸಬರಿಗೆ ಟೀ, ಹಣ್ಣು, ಒಗ್ಗರಣೆ ಪುರಿ. ಹಳಬರಿಗೆ, ಅಂದರೆ ಹಿಂದೆ ಶಿಬಿರ ಮುಗಿಸಿದವರಿಗೆ, ಮಧ್ಯಾಹ್ನ ದಾಟಿದ ಮೇಲೆ ನಿಂಬೆ ಪಾನಕ ಬಿಟ್ಟರೆ ಬೇರೆ ಏನೂ ಇಲ್ಲ. ಇದರ ನಡುವೆ ಎಂಟಕ್ಕೆ, ಎರಡೂವರೆಗೆ, ಸಂಜೆ ಆರಕ್ಕೆ ಒಂದೊಂದು ಗಂಟೆ ನಾವೂ ಹಾಲ್‌ನಲ್ಲಿ ಎಲ್ಲರ ಜೊತೆ ಕೂರಬೇಕು. ಒಲೆಯ ಮುಂದಿನಿಂದ ಎದ್ದು ಬಂದು ಕಣ್ಣು ಮುಚ್ಚಿದರೆ ಉಸಿರು ಗಮನಕ್ಕೆ ಬರಲ್ಲ, ಕುಕ್ಕರ್ ಆರಿಸಿದ್ನಾ ಇಲ್ವಾ ಅನ್ನೋದೇ ಬರುತ್ತೆ.

ಹಾಲ್‌ನಲ್ಲಿ ಕೇಳಿಸೋದು ಗೋಯಂಕಾ ಅವರ ಧ್ವನಿ. 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದ ಮಾರ್ವಾಡಿ ವ್ಯಾಪಾರಿ. ತಡೆಯಲಾಗದ ಮೈಗ್ರೇನ್ ತಲೆನೋವು ಅಂತ ಹೋಗಿ ಸಯಾಜಿ ಉ ಬಾ ಖಿನ್ ಹತ್ತಿರ ಈ ಧ್ಯಾನ ಕಲಿತರು. ಆ ಗುರುವೂ ಸನ್ಯಾಸಿಯಲ್ಲ, ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್! ಲೆಕ್ಕಪತ್ರದ ಆಫೀಸಿನಿಂದ ಬಂದದ್ದಕ್ಕೇ ಟೈಂಟೇಬಲ್ ಇಷ್ಟು ಕಟ್ಟುನಿಟ್ಟೋ ಏನೋ ಅಂತ ನನ್ನ ಗುಮಾನಿ. ಗೋಯಂಕಾ 1969ರಲ್ಲಿ ಭಾರತಕ್ಕೆ ಬಂದು ಕಲಿಸೋಕೆ ಶುರು ಮಾಡಿದರು. 2013ರಲ್ಲಿ ತೀರಿಕೊಂಡರು. ಈಗಲೂ ಶಿಬಿರ ನಡೆಯೋದು ಧ್ವನಿಮುದ್ರಣದಲ್ಲಿರುವ ಅವರ ಮಾತಿನ ಮೇಲೆಯೇ. ಎದುರಿಗೆ ಕೂರುವ ಸಹಾಯಕ ಆಚಾರ್ಯರು ಮಧ್ಯಾಹ್ನ ಸಂದೇಹಗಳಿಗೆ ಉತ್ತರ ಹೇಳ್ತಾರೆ, ಉಳಿದಂತೆ ಅವರದೂ ಮೌನ.

ನನಗೆ ಕಷ್ಟ ಆಗಿದ್ದು ಕೆಲಸ ಅಲ್ಲ. ಬಡಿಸಿದ್ದಕ್ಕೆ ಯಾರೂ ಏನೂ ಹೇಳದೇ ಇದ್ದದ್ದು. ಇಪ್ಪತ್ತಾರು ವರ್ಷ ಅಡುಗೆ ಮಾಡಿದ್ದೀನಿ. "ಚೆನ್ನಾಗಿದೆ" ಅಂತ ಕೇಳಿದ್ದು ಕಡಿಮೆ. ಆದರೆ "ಉಪ್ಪು ಕಮ್ಮಿ", "ಇವತ್ತೂ ಬದನೆಕಾಯಾ?" ಅಂತಾದರೂ ಯಾರೋ ಅಂತಿದ್ದರು. ಇಲ್ಲಿ ನಲವತ್ತು ಹೆಂಗಸರು ತಲೆ ಬಗ್ಗಿಸಿ ಬರ್ತಾರೆ, ತಿಂತಾರೆ, ತಟ್ಟೆ ತೊಳೆದಿಟ್ಟು ಹೋಗ್ತಾರೆ. ಕಣ್ಣೂ ಸೇರಿಸೋ ಹಾಗಿಲ್ಲ. ಪಾತ್ರೆಯಲ್ಲಿ ಉಳಿದದ್ದನ್ನು ನೋಡಿಯೇ ತಿಳ್ಕೋಬೇಕು. ಐದನೇ ದಿನ ಸಾಂಬಾರಿಗೆ ನಾನು ಉಪ್ಪು ಹಾಕಿದೆ, ನಾನು ಹಾಕಿದ್ದು ಗೊತ್ತಿಲ್ಲದೆ ಇನ್ನೊಬ್ಬ ಸೇವಕಿಯೂ ಹಾಕಿದರು. ಗೊತ್ತಾಗಿದ್ದು ಕೊನೆಯ ಪಂಕ್ತಿಗೆ ನಾವು ಕೂತಾಗ. ಅಷ್ಟೂ ಜನ ಅದನ್ನು ತಿಂದು, ಮಜ್ಜಿಗೆ ಎರಡೆರಡು ಲೋಟ ಕುಡಿದು, ಸದ್ದಿಲ್ಲದೆ ಹೋಗಿದ್ದರು. ನಾವಿಬ್ಬರೂ "ನೀವು ಹೇಳಬೇಕಿತ್ತು", "ನೀವು ಕೇಳಬೇಕಿತ್ತು" ಅಂತ ಪಿಸುದನಿಯಲ್ಲೇ ಜಗಳ ಆಡಿದೆವು. ಪಿಸುದನಿಯಲ್ಲಿ ಜಗಳ ಆಡೋದು ಬಲು ಕಷ್ಟ. ಸಿಟ್ಟು ಹೊರಗೇ ಬರಲ್ಲ, ಕೆಮ್ಮು ಬರುತ್ತೆ.

ಅದೇ ರಾತ್ರಿ ಅಕ್ಕನಿಗೆ ಜ್ವರ. ಬೆಳಗಿನ ಗಂಟೆಯ ಜವಾಬ್ದಾರಿ ನನಗೆ ಬಂತು. ಗಂಡಸರ ಕಡೆ ತೂಗುಹಾಕಿದ ದೊಡ್ಡ ಗಂಟೆಯನ್ನು ಅಲ್ಲಿಯ ಸೇವಕರು ಹೊಡೀತಾರೆ. ನಮ್ಮ ಕಡೆ ಕೈಗಂಟೆ ಹಿಡಿದು ಕೋಣೆಗಳ ಮುಂದೆ ನಡೀಬೇಕು. ಅಕ್ಕ ಒಂದು ಟೈಂಪೀಸ್ ಕೊಟ್ಟರು. ಮೂರೂ ಮುಕ್ಕಾಲಿಗೆ ಅಲಾರಂ ಇಟ್ಟು ಮಲಗಿದೆ. ಸಾಂಬಾರಿನ ಚಿಂತೆಯಲ್ಲಿ ನಿದ್ದೆ ಸರಿಯಾಗಿ ಹತ್ತಲಿಲ್ಲ. ಯಾವಾಗಲೋ ದಿಢೀರಂತ ಎಚ್ಚರವಾಗಿ ಟೈಂಪೀಸ್ ನೋಡಿದರೆ ದೊಡ್ಡ ಮುಳ್ಳು ಹತ್ತರ ಮೇಲೆ. ಚಿಕ್ಕ ಮುಳ್ಳು ಮೂರರ ಹತ್ತಿರವೋ ನಾಲ್ಕರ ಹತ್ತಿರವೋ, ಕನ್ನಡಕ ಇಲ್ಲದ ಕಣ್ಣಿಗೆ ಎರಡೂ ಒಂದೇ. ಅಲಾರಂ ಹೊಡೆದೇ ಇಲ್ಲ, ಕೈಕೊಟ್ಟಿದೆ ಅಂತ ಗಾಬರಿಯಾಗಿ ಮುಖಕ್ಕೆ ನೀರು ಚಿಮುಕಿಸಿಕೊಂಡು ಓಡಿದೆ.

ಚೆನ್ನಾಗಿಯೇ ಬಾರಿಸಿದೆ. ಒಂದು ಕೋಣೆಯನ್ನೂ ಬಿಡಲಿಲ್ಲ. ದೀಪಗಳು ಒಂದೊಂದಾಗಿ ಹತ್ತಿದವು, ಬಾತ್‌ರೂಮಿನಲ್ಲಿ ಬಕೆಟ್ ಸದ್ದು. ಶಾಲು ಹೊದ್ದವರು ಹಲ್ಲುಜ್ಜಲು ಸಾಲಾಗಿ ನಿಂತರು. ಗಂಡಸರ ಕಡೆಯಿಂದ ಮಾತ್ರ ಗಂಟೆಯ ಸದ್ದಿಲ್ಲ. ಆ ಹುಡುಗರು ಇವತ್ತು ಮಲಗಿಬಿಟ್ಟಿದ್ದಾರೆ ಅಂತ ಒಳಗೊಳಗೇ ಸ್ವಲ್ಪ ಬೀಗಿದೆ ಕೂಡ.

ಆಗ ಅಕ್ಕ ಬಂದರು. ತಲೆಗೆ ಮಫ್ಲರ್, ಕೈಯಲ್ಲಿ ವಾಚು. ವಾಚನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಮೂರೂ ಐದು.

ಬೈಯಲಿಲ್ಲ. ಗಂಟೆಯನ್ನು ನನ್ನ ಕೈಯಿಂದ ತಗೊಂಡು, ಅದರ ನಾಲಿಗೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡರು, ಸದ್ದಾಗದ ಹಾಗೆ. ಆಮೇಲೆ ಮೊದಲನೇ ಕೋಣೆಯಿಂದ ಶುರು ಮಾಡಿದರು. ಬಾಗಿಲಲ್ಲಿ ನಿಂತು ಮೂರು ಬೆರಳು ಎತ್ತಿ ತೋರಿಸೋದು, ಅಂಗೈಯನ್ನು ಕೆನ್ನೆಗಿಟ್ಟು ತಲೆ ವಾಲಿಸೋದು. ಗಂಟೆ ಮೂರು, ಮಲಗಿ. ಮಾತಾಡಿ ಹೇಳಬಹುದಿತ್ತು, ಅವರಿಗೆ ಆ ಅವಕಾಶ ಇತ್ತು. ಆದರೂ ಆಡಲಿಲ್ಲ. ಬಾಯಲ್ಲಿ ಪೇಸ್ಟ್ ತುಂಬಿಕೊಂಡಿದ್ದ ಒಬ್ಬ ಹುಡುಗಿ ಮೂರು ಬೆರಳು ನೋಡಿ ನೆಲ ನೋಡಿದಳು. ಭುಜ ಮಾತ್ರ ಕುಲುಕುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳೋಕಾಗಲಿಲ್ಲ. ಒಂದೊಂದೇ ದೀಪ ಆರಿತು.

ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಮಾತ್ರ ಮಲಗಲು ಹೋಗಲಿಲ್ಲ. ಹಾಲ್ ಮುಂದಿನ ಕಲ್ಲುಬೆಂಚಿನ ಮೇಲೆ ಕಂಬಳಿ ಹೊದ್ದು, ಕಣ್ಣು ಮುಚ್ಚಿ ಕೂತುಬಿಟ್ಟರು. ಬಿಸಿನೀರು ತಂದು ಪಕ್ಕದಲ್ಲಿಟ್ಟೆ. ನೋಡಲಿಲ್ಲ. ಎಂಥ ಸಾಧಕಿ ಅಂತ ನನಗೆ ಇನ್ನಷ್ಟು ನಾಚಿಕೆಯಾಯಿತು.

ಮೂರೂ ಐವತ್ತೈದಕ್ಕೆ ಅಕ್ಕ ಗಂಟೆಯನ್ನು ನನ್ನ ಕೈಗೇ ವಾಪಸ್ ಕೊಟ್ಟರು. "ನೀವೇ ಹೊಡೀರಿ," ಅಂದರು. ಆಚೆ ಕಡೆಯ ದೊಡ್ಡ ಗಂಟೆ ಕೇಳಿಸುವವರೆಗೂ ನಾನು ಹೆಜ್ಜೆ ಎತ್ತಲಿಲ್ಲ.

ರಾತ್ರಿ ಒಂಬತ್ತಕ್ಕೆ ಸೇವಕರೆಲ್ಲ ಆಚಾರ್ಯರ ಮುಂದೆ ಕೂತು, ಎಲ್ಲರಿಗೂ ಒಳ್ಳೆಯದಾಗಲಿ ಅನ್ನುವ ಮೈತ್ರಿ ಧ್ಯಾನ ಮಾಡಿ ಏಳೋದು ರೂಢಿ. ತಪ್ಪೊಪ್ಪಿಕೊಳ್ಳೋಣ ಅಂತ ಮುಂದೆ ಹೋದೆ. ಪೂರ್ತಿ ಕೇಳಿ ಅವರು ಕೇಳಿದ್ದು ಒಂದೇ, "ಆಮೇಲೆ ನಿಮಗೆ ನಿದ್ದೆ ಬಂತಾ?"

ಹತ್ತನೇ ದಿನ ಬೆಳಗ್ಗೆ ಹತ್ತರ ಸುಮಾರಿಗೆ ಮೌನ ಬಿಡುತ್ತೆ. ಒಂಬತ್ತು ದಿನ ಕಟ್ಟಿಟ್ಟಿದ್ದ ಮಾತು ಒಟ್ಟಿಗೆ ಹೊರಗೆ ಬಂದರೆ ಹೇಗಿರುತ್ತೆ ಅಂತ ಸಂತೆಗೆ ಹೋದವರಿಗೆ ಗೊತ್ತು. ಊರು, ಮಕ್ಕಳು, ಮಂಡಿನೋವು ಎಲ್ಲ ಮುಗಿದ ಮೇಲೆ ಮಾತು ಅಲ್ಲಿಗೇ ಬಂತು. "ಅವತ್ತು ಗಂಟೆ ಹೊಡೆದವರು ಯಾರು?" ನಾನು ಲೋಟ ಜೋಡಿಸುವ ನೆಪದಲ್ಲಿ ಬೆನ್ನು ತಿರುಗಿಸಿದೆ. ಅಡುಗೆಯಮ್ಮ ಬಿಡಬೇಕಲ್ಲ! "ಇವ್ರೇಯಾ," ಅಂತ ಸೌಟಿನಲ್ಲೇ ತೋರಿಸಿದರು. ಎಲ್ಲರೂ ನಕ್ಕರು. ಆರನೇ ದಿನ ಒಂದು ಗಂಟೆ ಜಾಸ್ತಿ ಕೂರಿಸೋದೂ ಸಾಧನೆಯ ಭಾಗ ಅಂದುಕೊಂಡಿದ್ದೆ ಅಂತ ಒಬ್ಬರು ಹೇಳಿದರು.

ಅಜ್ಜಿ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದರು. "ಆ ಮೇಡಮ್ಮು ಬಂದು ಮೂರು ಬೆರಳು ತೋರಿಸಿದ್ರಲ್ಲ. ಹಿಂದಿನ ರಾತ್ರಿ ಪ್ರವಚನದಲ್ಲಿ ಹೇಳಿದ್ದೇ ತಲೇಲಿತ್ತು ಕಣಮ್ಮ. ಅನಿತ್ಯ, ದುಃಖ, ಅನಾತ್ಮ, ಮೂರು. ಅದನ್ನ ನೆನೆಸ್ಕೊಂಡು ಕೂತ್ಕೋ ಅಂತಿದ್ದಾರೆ ಅಂದ್ಕೊಂಡೆ. ಕೂತೆ. ಚಳಿಗೆ ನಡುಗಿ ಹೋದೆ."

ಅಕ್ಕ ಹಿಂದೆಯೇ ನಿಂತಿದ್ದರು. ಇದನ್ನು ಕೇಳಿ ಬಾಯಿಗೆ ಸೆರಗು ಅಡ್ಡ ಹಿಡಿದು ಆಚೆ ಹೋದರು.

ಅಜ್ಜಿ ನನ್ನ ಕೈ ಬಿಡಲಿಲ್ಲ. ಇನ್ನೂ ಹತ್ತಿರ ಬಗ್ಗಿ, ದನಿ ತಗ್ಗಿಸಿ, "ಅದಿರಲಿ, ಅದರ ಹಿಂದಿನ ದಿನದ ಸಾಂಬಾರು ಮಾಡಿದ್ದು ಯಾರು?" ಅಂದರು.