ಕರಿಕಲ್ಲೆಲ್ಲ ಬಸಾಲ್ಟ್ ಅಲ್ಲ

ಬಣ್ಣ ನೋಡಿ ಕಲ್ಲಿಗೆ ಹೆಸರಿಡುವ ಅಭ್ಯಾಸ ನಮ್ಮಲ್ಲಿ ಬಲವಾಗಿ ಬೇರೂರಿದೆ: ನಸುಗೆಂಪಿದ್ದರೆ ಗ್ರಾನೈಟ್, ಕಪ್ಪಿದ್ದರೆ ಬಸಾಲ್ಟ್. ಶಿಲಾಪಾಕ, ಅಂದರೆ ಕರಗಿದ ಬಂಡೆ, ತಣಿದು ಆದ ಅಗ್ನಿಶಿಲೆಯ ಮುಂದೆ ನಿಂತಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಕೇಳಬೇಕು. ಶಿಲಾಪಾಕ ಎಲ್ಲಿ ತಣಿಯಿತು? ಅದರಲ್ಲಿ ಏನೇನಿತ್ತು? ಮೊದಲನೆಯದನ್ನು ಹರಳಿನ ಗಾತ್ರ ಹೇಳುತ್ತದೆ. ಬಣ್ಣ ಸುಳಿವು ಕೊಡುವುದು ಎರಡನೆಯದಕ್ಕೆ ಮಾತ್ರ, ಅದೂ ಅರೆಬರೆಯಾಗಿ.

ರಾಮನಗರದ ಬೆಟ್ಟಗಳು ಕ್ಲೋಸ್‌ಪೇಟೆ ಗ್ರಾನೈಟಿನವು. ದಕ್ಷಿಣೋತ್ತರವಾಗಿ ಸುಮಾರು 400 ಕಿ.ಮೀ. ಚಾಚಿರುವ ಈ ಪಟ್ಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಶಿಲಾಪಾಕ ಹೆಪ್ಪುಗಟ್ಟಿದ್ದು ಕಿಲೋಮೀಟರುಗಟ್ಟಲೆ ಆಳದಲ್ಲಿ. ಸುತ್ತಲಿನ ಬಂಡೆಯೂ ಬಿಸಿಯಾಗಿದ್ದರೆ ಶಾಖ ಹೊರಹೋಗಲು ಲಕ್ಷಾಂತರ ವರ್ಷ ಬೇಕು. ಹಾಗೆ ನಿಧಾನವಾಗಿ ತಣಿಯುವಾಗ ಹರಳಿನ ಬೀಜಗಳು ಹುಟ್ಟುವುದು ಕೆಲವೇ. ಹುಟ್ಟಿದವು ದೊಡ್ಡದಾಗಿ ಬೆಳೆಯುತ್ತವೆ. ಕೆಲವೆಡೆ ನಸುಗೆಂಪು ಫೆಲ್ಡ್‌ಸ್ಪಾರ್ ಖನಿಜದ ಹರಳುಗಳು ಹಲವು ಸೆಂಟಿಮೀಟರ್ ಉದ್ದ ಇವೆ. ಮೇಲಿದ್ದ ಬಂಡೆಯೆಲ್ಲ ಸವೆದುಹೋದ ಮೇಲಷ್ಟೇ ಇವು ಬೆಳಕು ಕಂಡದ್ದು. ಇದು ಅಂತಸ್ಸರಣ ಶಿಲೆ, ಅಂದರೆ ನೆಲದೊಳಗೇ ತಣಿದದ್ದು.

ವಿಜಯಪುರ, ಕಲಬುರಗಿ ಕಡೆಯ ದಖನ್ ಬಸಾಲ್ಟ್ ಇದಕ್ಕೆ ತದ್ವಿರುದ್ಧ. ಸುಮಾರು 6.6 ಕೋಟಿ ವರ್ಷದ ಹಿಂದೆ, 1100 ಡಿಗ್ರಿ ಸೆಲ್ಸಿಯಸ್ ಮೀರಿದ ಲಾವಾ ನೆಲದ ಮೇಲೆ ಪದರಪದರವಾಗಿ ಹರಿಯಿತು. ಬೇಗ ತಣಿದಾಗ ಬೀಜಗಳು ಅಸಂಖ್ಯ ಹುಟ್ಟಿ, ಯಾವುದಕ್ಕೂ ಬೆಳೆಯಲು ಜಾಗ ಸಿಗುವುದಿಲ್ಲ. ಪದರದ ಮೇಲ್ಭಾಗದಲ್ಲಿ ಅನಿಲದ ಗುಳ್ಳೆಗಳು ಉಳಿದು, ಆಮೇಲೆ ಜಿಯೋಲೈಟ್, ಕ್ಯಾಲ್ಸೈಟ್ ಖನಿಜಗಳು ತುಂಬಿಕೊಂಡಿವೆ. ಹೀಗೆ ನೆಲದ ಮೇಲೆ ತಣಿದ ಬಹಿಸ್ಸರಣ ಶಿಲೆಗೆ ಇಂಥ ಗುಳ್ಳೆ ಬಲವಾದ ಸಾಕ್ಷಿ. ಆದರೆ ದಪ್ಪ ಪದರದ ನಡುಭಾಗದಲ್ಲಿ ಗುಳ್ಳೆ ಕಡಿಮೆ, ಹರಳು ಕೊಂಚ ದೊಡ್ಡದು. ಒಂದೇ ಚೂರು ನೋಡಿ ತೀರ್ಮಾನಿಸಬೇಡಿ.

ಎಡವುವುದು ಹೆಚ್ಚಾಗಿ ನಡುವಿನ ಕಲ್ಲುಗಳಲ್ಲಿ. ಚಾಮರಾಜನಗರದ ಕಡೆಯಿಂದ ಬರುವ ‘ಬ್ಲ್ಯಾಕ್ ಗ್ರಾನೈಟ್’ ಬಹುಪಾಲು ಡೋಲರೈಟ್. ರಾಸಾಯನಿಕವಾಗಿ ಅದು ಬಸಾಲ್ಟಿನ ಬಂಧು, ಸಿಲಿಕಾ (ಬೆಣಚಿನಲ್ಲಿರುವ ದ್ರವ್ಯ) ಶೇ. 50ರ ಆಸುಪಾಸು. ಆದರೆ ಹಳೆಯ ಬಂಡೆಯ ಬಿರುಕಿಗೆ ನುಗ್ಗಿ, ಡೈಕ್ ಎಂಬ ಗೋಡೆಯಂಥ ಪಟ್ಟಿಯಾಗಿ, ನೆಲದೊಳಗೇ ತಣಿದದ್ದು. ಡೈಕಿನ ಅಂಚು ತಣ್ಣನೆಯ ಬಂಡೆಗೆ ತಾಗಿ ಥಟ್ಟನೆ ಗಟ್ಟಿಯಾಗಿರುವುದರಿಂದ ಅಲ್ಲಿಯ ಚೂರು ಬಸಾಲ್ಟಿನಂತೆಯೇ ಕಾಣುತ್ತದೆ. ಅಂಚು, ಮಧ್ಯ ಎರಡನ್ನೂ ನೋಡಲೇಬೇಕು.

ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳದ್ದು ಇನ್ನೊಂದು ಬಗೆ. ಇವನ್ನು ಬಸಾಲ್ಟ್ ಎಂದೇ ಕರೆಯುವ ರೂಢಿ ಇದೆ, ಅದು ಸರಿಯಲ್ಲ. ಅವು ಸಿಲಿಕಾ ಹೆಚ್ಚಿರುವ ರಯೋಲೈಟ್, ರಯೋಡೇಸೈಟ್ ಜಾತಿಯವು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಜ್ವಾಲಾಮುಖಿ ಚಟುವಟಿಕೆಯ ಫಲ. ಅದೇ ದ್ರವ ಆಳದಲ್ಲೇ ಉಳಿದಿದ್ದರೆ ಗ್ರಾನೈಟಿನ ಬಳಗ ಸೇರುತ್ತಿತ್ತು. ಕಂಬ ಕಂಡ ತಕ್ಷಣ ಬಸಾಲ್ಟ್ ಎನ್ನಬೇಡಿ. ತಣಿಯುವಾಗ ಕುಗ್ಗಿ ಬಿರಿಯುವುದರಿಂದ ಕಂಬ ಮೂಡುತ್ತದೆ, ಯಾವ ಲಾವಾದಲ್ಲಾದರೂ.

ಪರೀಕ್ಷೆಗೆ ಹೊಸದಾಗಿ ಒಡೆದ ಮುಖವೇ ಬೇಕು. ಬಿಸಿಲು ಮಳೆಗೆ ಮಾಸಿದ ಹೊರಪದರ ಮೋಸ ಮಾಡುತ್ತದೆ. ಒಡೆಯುವಾಗ ಕನ್ನಡಕ ಕಡ್ಡಾಯ. ಕಲ್ಲಿನ ಒಡೆದ ಮುಖವನ್ನು ಒದ್ದೆ ಮಾಡಿ, 10 ಪಟ್ಟಿನ ಲೆನ್ಸ್ ಕಣ್ಣಿಗೆ ಒತ್ತಿ ಹಿಡಿದು, ಕಲ್ಲನ್ನೇ ಹತ್ತಿರ ತನ್ನಿ. ತಿರುಗಿಸಿದಾಗ ಚಪ್ಪಟೆ ಮುಖ ಫಳಕ್ಕನೆ ಹೊಳೆದರೆ ಫೆಲ್ಡ್‌ಸ್ಪಾರ್. ಜಿಡ್ಡು ಹೊಳಪಿದ್ದು ಅಡ್ಡಾದಿಡ್ಡಿ ಒಡೆದಿದ್ದರೆ ಬೆಣಚು. ಉಗುರಿಗೆ ಹಾಳೆಯಾಗಿ ಏಳುವುದು ಕಾಗೆಬಂಗಾರ. ಖನಿಜಗಳು ಪಟ್ಟೆಪಟ್ಟೆಯಾಗಿ ಸಾಲುಗಟ್ಟಿದ್ದರೆ ಅದು ಬಹುಶಃ ಗ್ರಾನೈಟ್ ಅಲ್ಲ, ಲಾಲ್‌ಬಾಗ್ ಬಂಡೆಯಂತೆ ರೂಪಾಂತರಗೊಂಡ ನೈಸ್. ಲಾಲ್‌ಬಾಗ್, ಸೇಂಟ್ ಮೇರೀಸ್ ಎರಡೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಅಲ್ಲಿಗೆ ಸುತ್ತಿಗೆ ಒಯ್ಯಬೇಡಿ, ಲೆನ್ಸ್ ಸಾಕು.