ಎದ್ದ ಮೇಲೆ ಮೊದಲ ಬೀಡಿ ಯಾವಾಗ?

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವನು, ವಯಸ್ಸು ಮೂವತ್ತೆಂಟು. ಬಲಗಾಲಿನ ಹೆಬ್ಬೆರಳ ತುದಿ ಕಪ್ಪಾಗಿತ್ತು, ಪಕ್ಕದ ಬೆರಳು ನೀಲಿಗಟ್ಟಿತ್ತು. ಮಲಗಿದರೆ ನೋವು ತಡೆಯಲಾಗದೆ ರಾತ್ರಿಯೆಲ್ಲ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಾನೆ ಅಂತ ಸಿಸ್ಟರ್ ಹೇಳಿದರು. ಕೇಸ್ ಶೀಟಿನಲ್ಲಿ ‘ಬರ್ಗರ್ ಕಾಯಿಲೆ’ ಅಂತ ಬರೆದಿತ್ತು. ಜಿಲ್ಲಾ ಆಸ್ಪತ್ರೆಯ ತಂಬಾಕು ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿರುವ ನನಗೆ ಸರ್ಜರಿ ವಾರ್ಡಿನಿಂದ ಕರೆ ಬಂತೆಂದರೆ ಹೆಚ್ಚಾಗಿ ಇದೇ ಕಾಯಿಲೆ.

ಬೀಡಿ, ಸಿಗರೇಟು ಸೇದುವ ನಡುವಯಸ್ಸಿನೊಳಗಿನ ಗಂಡಸರಲ್ಲೇ ಇದು ಹೆಚ್ಚು. ಕೈಕಾಲುಗಳ ಸಣ್ಣ ರಕ್ತನಾಳಗಳು ಊದಿಕೊಂಡು, ಒಳಗೆ ರಕ್ತ ಹೆಪ್ಪುಗಟ್ಟಿ, ತುದಿಗೆ ರಕ್ತವೇ ಹೋಗುವುದಿಲ್ಲ. ತಂಬಾಕು ಪೂರ್ತಿ ನಿಂತರೆ ಕಾಯಿಲೆ ಅಲ್ಲಿಗೇ ನಿಲ್ಲುವ ಸಾಧ್ಯತೆ ಬಹಳ. ದಿನಕ್ಕೆ ಒಂದೆರಡೇ ಸೇದಿದರೂ ಅದು ಮುಂದುವರಿಯುತ್ತದೆ, ಮೊದಲು ಬೆರಳು, ಆಮೇಲೆ ಪಾದ. ‘ಕಡಿಮೆ ಮಾಡ್ತೀನ್ರಿ’ ಅನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ.

ನಾನು ಹೋಗುವ ಹೊತ್ತಿಗೆ ಅವನಿಗೆ ಸಾಕಷ್ಟು ಬೈಗುಳ ಆಗಿತ್ತು. ರೌಂಡ್ಸಿನಲ್ಲಿ ಒಬ್ಬರು, ಡ್ರೆಸ್ಸಿಂಗ್ ಮಾಡುವಾಗ ಇನ್ನೊಬ್ಬರು, ಕೊನೆಗೆ ಹೆಂಡತಿ. ಸ್ಟೂಲ್ ಎಳೆದುಕೊಂಡು ಕೂತು, ‘ಬೆಳಿಗ್ಗೆ ಎದ್ದ ಮೇಲೆ ಮೊದಲ ಬೀಡಿ ಯಾವಾಗ ಹಚ್ತೀರಿ?’ ಅಂತಷ್ಟೇ ಕೇಳಿದೆ.

‘ಎದ್ದ ಮ್ಯಾಲ ಏನ್ರಿ? ಹಾಸಿಗ್ಯಾಗ ಇದ್ದಾಗನ ಹಚ್ಚತೇನ್ರಿ. ಇಲ್ಲಂದ್ರ ಕೈಕಾಲ ಆಡೂದಿಲ್ಲ.’

ನಿಕೋಟಿನ್ ಅವಲಂಬನೆ ಅಳೆಯಲು ನಾವು ಬಳಸುವ ಫಾಗರ್‌ಸ್ಟ್ರಾಮ್ ಪರೀಕ್ಷೆಯಲ್ಲಿ ಆರು ಪ್ರಶ್ನೆಗಳಿವೆ. ನನ್ನ ಪಾಲಿಗೆ ಎಲ್ಲಕ್ಕಿಂತ ಹೆಚ್ಚು ಹೇಳುವುದು ಇದೇ. ಎದ್ದು ಐದು ನಿಮಿಷದೊಳಗೆ ಹಚ್ಚುವವರಿಗೆ ಪೂರ್ತಿ 3 ಅಂಕ. ನಿಕೋಟಿನ್ ಅಂಶ ರಕ್ತದಲ್ಲಿ ಸುಮಾರು ಎರಡು ತಾಸಿಗೆ ಅರ್ಧಕ್ಕೆ ಇಳಿಯುತ್ತದೆ. ರಾತ್ರಿ ಮಲಗಿ ಎದ್ದಾಗ ಮೆದುಳು ಅದಕ್ಕಾಗಿ ಹಾತೊರೆಯುತ್ತಿರುತ್ತದೆ. ಒಂದು ದಮ್ ಎಳೆದರೆ ಇಪ್ಪತ್ತು ಸೆಕೆಂಡಿನೊಳಗೆ ಅಲ್ಲಿಗೆ ತಲುಪುತ್ತದೆ. ಇಷ್ಟನ್ನು ಅವನಿಗೆ ಹೇಳಿದಾಗ ಹೆಂಡತಿ ಮೊದಲ ಸಲ ಸುಮ್ಮನಾದಳು. ಗಂಡನಿಗೆ ಮನಸ್ಸಿಲ್ಲ, ಮಕ್ಕಳ ಮೇಲೆ ಕಾಳಜಿಯಿಲ್ಲ ಅಂತಲೇ ಅವಳು ತಿಳಿದಿದ್ದಳು. ಮನಸ್ಸು ಇರುತ್ತದೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ನಮ್ಮ ದೇಶದ ಧೂಮಪಾನಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿಡುವ ಯೋಚನೆಯಲ್ಲಿದ್ದೇವೆ ಅಂದಿದ್ದರು. ಅಂಥವರಿಗೆ ಬೈಗುಳದಿಂದ ಏನೂ ಸಿಗುವುದಿಲ್ಲ, ಮುಚ್ಚಿಟ್ಟು ಸೇದುವುದನ್ನು ಕಲಿಯುತ್ತಾರೆ ಅಷ್ಟೇ.

ಬೀಡಿ ಎಲೆಯದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಅನ್ನುವ ನಂಬಿಕೆ ಅವನಿಗೂ ಇತ್ತು. ಬೀಡಿ ಎಲೆಯೊಳಗೆ ಗಾಳಿ ಆಡುವುದಿಲ್ಲ, ಹಾಗಾಗಿ ಆರಿಹೋಗದಂತೆ ಮೇಲಿಂದ ಮೇಲೆ ಜೋರಾಗಿ ಎಳೆಯಬೇಕು, ಹೊಗೆ ಅಷ್ಟೂ ಆಳಕ್ಕೆ ಹೋಗುತ್ತದೆ ಅಂದೆ. ‘ಅದು ಖರೇರಿ, ಎಳೀಲಿಲ್ಲಂದ್ರ ಆರತೈತಿ’ ಅಂದ. ‘ಹಂಗಾರ ಬೀಡಿ ಬಿಟ್ಟು ಗುಟ್ಕಾ ಹಾಕ್ಕೊಂಡ್ರ ನಡೀತೈತೇನ್ರಿ?’ ಈ ಪ್ರಶ್ನೆ ಬಂದೇ ಬರುತ್ತದೆ, ಕೇಳಿದ್ದೇ ಒಳ್ಳೆಯದಾಯಿತು. ನಡೆಯುವುದಿಲ್ಲ, ಅದೂ ತಂಬಾಕೇ. ಬೇರೆಯವರಿಗಾದರೆ 2 ಅಥವಾ 4 ಮಿಲಿಗ್ರಾಂ ನಿಕೋಟಿನ್ ಗಮ್ ಕೊಟ್ಟು, ಸ್ವಲ್ಪ ಅಗಿದು ಕೆನ್ನೆಯ ಸಂದಿಯಲ್ಲಿ ಇಟ್ಟುಕೊಳ್ಳುವುದನ್ನು ಕಲಿಸುತ್ತೇನೆ. ಬರ್ಗರ್ ಕಾಯಿಲೆಗೆ ನಿಕೋಟಿನ್ನೇ ಇಂಧನವಾಗಬಹುದೆಂಬ ಹೆದರಿಕೆಯಿಂದ ನಮ್ಮ ಡಾಕ್ಟರು ಗಮ್ ಬರೆಯಲಿಲ್ಲ, ನಿಕೋಟಿನ್ ಇಲ್ಲದೆಯೇ ಸೇದುವ ಸೆಳೆತ ತಗ್ಗಿಸುವ ಬುಪ್ರೊಪಿಯಾನ್ ಮಾತ್ರೆ ಬರೆದರು. ಅದು ಹಿಡಿತಕ್ಕೆ ಬರಲು ಒಂದು ವಾರ ಬೇಕು. ಆದರೆ ಹೆಚ್ಚಿನ ಕಷ್ಟ ಮೊದಲ ಮೂರು ದಿನದ್ದು.

ಆ ದಿನಗಳು ನಿಜಕ್ಕೂ ಕಷ್ಟದವು. ಅನ್ನದ ತಟ್ಟೆ ದೂಡಿದ, ಪಕ್ಕದ ಮಂಚದವರ ಮೇಲೆ ರೇಗಿದ, ನಿದ್ದೆ ಮೊದಲೇ ಇರಲಿಲ್ಲ. ಅವನು ಕೆಟ್ಟವನಾಗಿ ಹೀಗಾಡುತ್ತಿಲ್ಲ, ಇದು ನಿಕೋಟಿನ್ ಇಳಿಯುವಾಗಿನ ಲಕ್ಷಣ ಅಂತ ವಾರ್ಡಿನವರಿಗೂ ಹೇಳಿಬಂದೆ. ಚಟದ ಒಂದೊಂದು ಅಲೆಯೂ ಕೆಲವೇ ನಿಮಿಷದ್ದು, ಅಷ್ಟು ಹೊತ್ತು ದಾಟಿಸಿದರೆ ಸಾಕು. ನೀರು ಗುಟುಕರಿಸು, ಉಸಿರು ಆಳವಾಗಿ ಎಳೆದು ಬಿಡು, ಯಾರ ಹತ್ತಿರವಾದರೂ ಮಾತಾಡು ಅಂದಿದ್ದೆ. ಅವನು ತನ್ನದೇ ದಾರಿ ಕಂಡುಕೊಂಡ. ಹೆಂಡತಿ ತಂದುಕೊಟ್ಟ ಸೋಂಪು, ಲವಂಗ ಬಾಯಿಗೆ ಹಾಕಿಕೊಂಡು ಗೋಡೆಯ ಗಡಿಯಾರ ನೋಡುತ್ತ ಕೂತಿರುತ್ತಿದ್ದ. ತುಟಿ ಬಿಗಿದಿರುತ್ತಿತ್ತು, ಬಲಗೈಯ ಎರಡು ಬೆರಳು ಬೀಡಿ ಹಿಡಿದ ಹಾಗೇ ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು.

ಮೂರನೆಯ ದಿನ ಸಂಜೆ ಊಟದ ಡಬ್ಬಿ ತಂದ ತಮ್ಮನ ಅಂಗಿಯಿಂದ ಬೀಡಿ ವಾಸನೆ ಬರುತ್ತಿತ್ತು, ಜೇಬಿನಲ್ಲಿ ಕಟ್ಟು ಕಾಣುತ್ತಿತ್ತು. ನಾನು ಮಾತಾಡುವ ಮೊದಲೇ ಅಣ್ಣ ‘ಡಬ್ಬಿ ಇಟ್ಟು ಹೋಗೋ, ಇಲ್ಲಿ ಕುಂಡ್ರಬ್ಯಾಡ’ ಅಂತ ಗದರಿದ. ಹುಡುಗ ಮುಖ ಸಣ್ಣದು ಮಾಡಿಕೊಂಡು ಹೊರಟ. ಹೊರಗೆ ಅವನನ್ನು ನಿಲ್ಲಿಸಿ ಕಟ್ಟಿನ ಮೇಲಿನ ನಂಬರ್ ತೋರಿಸಿದೆ: 1800-11-2356. ತಂಬಾಕು ಬಿಡಲು ನೆರವಾಗುವ ಸಹಾಯವಾಣಿ, ಪುಕ್ಕಟೆ ಕರೆ, ಕನ್ನಡದಲ್ಲೇ ಮಾತಾಡುತ್ತಾರೆ. ದಿನಾ ಕೈಯಲ್ಲಿ ಹಿಡಿಯುವ ಕಟ್ಟಿನ ಮೇಲಿದ್ದರೂ ಅವನು ಅದನ್ನು ಓದಿರಲಿಲ್ಲ.

ಹೆಬ್ಬೆರಳ ತುದಿ ಉಳಿಯಲಿಲ್ಲ, ಪಕ್ಕದ ಬೆರಳು ಉಳಿಯಿತು. ಊರಿನ ಜಾತ್ರೆಯಲ್ಲಿ ಗೆಳೆಯರು ಕೊಟ್ಟ ಒಂದು ಬೀಡಿ ಸೇದಿಬಿಟ್ಟೆ ಅಂತ ಮರುದಿನ ಬೆಳಿಗ್ಗೆ ತಾನೇ ಫೋನ್ ಮಾಡಿ ಹೇಳಿದ. ಬಚ್ಚಿಡದೆ ಹೇಳಿದ್ದಕ್ಕೆ ನನಗೆ ಸಂತೋಷವಾಯಿತು, ಹಾಗಂತ ಅವನಿಗೂ ಹೇಳಿದೆ. ಯಾರ ಜತೆ, ಯಾವ ಹೊತ್ತಿಗೆ, ಕೈಗೆ ಹೇಗೆ ಬಂತು ಅನ್ನುವುದನ್ನೆಲ್ಲ ಮಾತಾಡಿಕೊಂಡು, ಅಂದಿನಿಂದಲೇ ಮತ್ತೆ ನಿಲ್ಲಿಸುವುದು ಅಂತ ಮಾಡಿದೆವು. ಕೊನೆಗೆ ಅವನು ಕೇಳಿದ್ದು, ‘ತಮ್ಮನ್ನೂ ಕರ್ಕೊಂಡು ಬರ್ಲೇನ್ರಿ? ಅವಾ ಚಾ ಕುಡದ ಮ್ಯಾಲ ಹಚ್ಚತಾನು, ನನ್ನಷ್ಟು ಜೋರ ಇಲ್ಲ.’ ಸೋಮವಾರ ಇಬ್ಬರೂ ಬರುತ್ತಾರೆ.